ಕ್ಯಾಲೆಂಡರ್ ತೆರೆಯದ ರಜೆ ಅರ್ಜಿ

ಫ್ರೆಂಡ್ಸ್, ನಾಳೆ ನಾನು ಮನೆಗೆ ಬರುತ್ತಿಲ್ಲ. ಕಾನಹೊಸಹಳ್ಳಿಯವರು ಯಾರಾದರೂ ಇದನ್ನು ಓದಿದರೆ ನಮ್ಮ ಅವ್ವನಿಗೆ ನೀವೇ ಹೇಳಿ, ನನಗೆ ಧೈರ್ಯವಿಲ್ಲ.

ಹರಪನಹಳ್ಳಿಯ ನಮ್ಮ ಹಾಸ್ಟೆಲಿನಲ್ಲಿ ಇಂದಿನಿಂದ ರಜೆ ಅರ್ಜಿ ಕಂಪ್ಯೂಟರಿನಲ್ಲಿ. ಆ ವೆಬ್ ಫಾರ್ಮ್ ಮಾಡಿದ್ದು ನಾನು ಮತ್ತು ಸೀನಿಯರ್ ಶಾಂತಕ್ಕ. ದಿನಾಂಕ ಆರಿಸುವ ಕ್ಯಾಲೆಂಡರಿಗೆ ಎರಡು ಜಾವಾಸ್ಕ್ರಿಪ್ಟ್ ಲೈಬ್ರರಿಗಳಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳಲ್ಲಿ, ಒಂದನ್ನು ಹಾಕಬೇಕಿತ್ತು. ಹಳೆಯದೇ ಸಾಕು ಎಂದಳು ಶಾಂತಕ್ಕ. ನಾನು ಹಟ ಹಿಡಿದು ಹೊಸದನ್ನು ಹಾಕಿದೆ, ಅದರ ಕ್ಯಾಲೆಂಡರ್ ಮೆಲ್ಲಗೆ ಜಾರಿ ಬರುತ್ತದೆ.

ಮೊದಲ ಅರ್ಜಿ ನನ್ನದೇ. ಐದು ವಾರದಿಂದ ಮನೆ ನೋಡಿಲ್ಲ. "ಬಾರವ್ವ, ಬಿಸಿ ರೊಟ್ಟಿ ಬಡಿತೀನಿ" ಎಂದು ಅವ್ವ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಕಿವಿಯಲ್ಲೇ ಇತ್ತು. ಅರ್ಜಿ ತುಂಬಬೇಕಾದದ್ದು ವಾರ್ಡನ್ ಮೇಡಂ ಅವರ ಕಂಪ್ಯೂಟರಿನಲ್ಲೇ; ಅದರ ಹಳೆಯ ಬ್ರೌಸರಿನಲ್ಲಿ ಕ್ಯಾಲೆಂಡರ್ ತೆರೆಯಲೇ ಇಲ್ಲ.

"ಹಾಳಿ ಮ್ಯಾಲೆ ಬರದು ಕೊಡ್ತೀನ್ರಿ ಮೇಡಂ."

"ಇನ್ನ ಹಾಳಿ ಬ್ಯಾಡ್ರಿ ಅಂದಾಕಿ ನೀನ ಅಲ್ಲೇನು?"

ಪಕ್ಕದಲ್ಲಿದ್ದ ಶಾಂತಕ್ಕನೂ ದನಿಗೂಡಿಸಿದಳು. "ಚಂದ ಐತಿ ಅಂತ ಆರಿಸಿದಿ. ಮೇಡಂ ಕಂಪ್ಯೂಟರ್‌ನಾಗ ನಡೀತೈತೋ ಇಲ್ಲೋ ನೋಡಿದೇನ್ಲೇ? ಈಗ ನೀನ ಕುಂತು ರಿಪೇರಿ ಮಾಡು."

ಕುಳಿತೆ. ಹೊಸದನ್ನು ಕಿತ್ತು ಹಳೆಯದನ್ನು ಹಾಕುವಷ್ಟರಲ್ಲಿ ಐದೂಕಾಲಾಯಿತು. ಕ್ಯಾಲೆಂಡರ್ ಟಕ್ಕನೆ ತೆರೆಯಿತು. ನಾಳೆಯ ದಿನಾಂಕ ಆರಿಸಿ ಸಬ್ಮಿಟ್ ಒತ್ತಿದೆ. ಕೆಂಪಕ್ಷರ ಬಂತು: "ನಾಳೆಯ ರಜೆಗೆ ಇಂದು ಐದು ಗಂಟೆಯೊಳಗೆ ಅರ್ಜಿ ಹಾಕಬೇಕು."

ಈ ಐದು ಗಂಟೆಯ ನಿಯಮ ಮೇಡಂ ಅವರದು, ಅದರ ಕೋಡ್ ನನ್ನದು. ಇಡೀ ಫಾರ್ಮಿನಲ್ಲಿ ಎಲ್ಲ ಬ್ರೌಸರಿನಲ್ಲೂ ತಪ್ಪದೆ ನಡೆಯುವುದು ಅದೊಂದೇ.