ಲೆಕ್ಕಕ್ಕೆ ಬಾರದ ಬಾಣಂತಿ

ವಾಮಂಜೂರಿನ ಆ ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದೆ. "ನಾಲ್ಕು ಜನ" ಎಂದರು ಜಲಜಕ್ಕ. ಅವರು, ಗಂಡ, ಮಗ. ಮತ್ತೆ? "ಮಗಳು ಸುಮತಿ." ಎಲ್ಲಿ ಎಂದರೆ ಒಳಕೋಣೆಯತ್ತ ಕೈ ತೋರಿಸಿದರು. ಅಲ್ಲಿ ಬಾಳೆ ಎಲೆಯ ಮೇಲೆ ಅನ್ನ, ಕೋಳಿ ಸಾರು, ಪಕ್ಕದಲ್ಲಿ ಒಂದು ಲೋಟ ನೀರು. ಮನುಷ್ಯರು ಯಾರೂ ಇಲ್ಲ. ಹಾಡುಹಗಲೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ.

ಮಳೆಗಾಲದ ಆಟಿ ತಿಂಗಳಲ್ಲಿ ಇಲ್ಲಿ ಕುಲೆಗಳಿಗೆ, ಅಂದರೆ ಕುಟುಂಬದಲ್ಲಿ ತೀರಿಹೋದವರಿಗೆ, ಹೀಗೆ ಬಡಿಸಿ ಕರೆಯುತ್ತಾರೆಂದು ನನಗೇನು ಗೊತ್ತು! ನಾನು ವಿಜಯಪುರದ ಕಡೆಯವಳು, ಈ ಕೆಲಸಕ್ಕೆಂದೇ ಕರಾವಳಿಗೆ ಬಂದು ಕೊಟ್ಟಾರದಲ್ಲಿ ಬಾಡಿಗೆಗಿದ್ದೇನೆ. ಹೊಸತರಲ್ಲಿ ಕುಚ್ಚಲಕ್ಕಿ ಅನ್ನ ಗಂಟಲಿಗಿಳಿಯದೆ ಅತ್ತಿದ್ದೆ. ಈಗ "ಎಂತ", "ಉಂಟು" ನನ್ನ ಬಾಯಲ್ಲೇ ಬರುತ್ತದೆ. ಫೋನಿನಲ್ಲಿ ಅವ್ವ ನಗುತ್ತಾಳೆ.

ಕೆಲಸ ಇಷ್ಟೇ: ಬಸಿರಲ್ಲಿ, ಹೆರಿಗೆಯಲ್ಲಿ, ಬಾಣಂತನದಲ್ಲಿ ಸತ್ತ ಹೆಂಗಸರ ಬಗ್ಗೆ ಮನೆಮನೆಗೆ ಹೋಗಿ ಕೇಳುವುದು. ಸಾವಿನ ಕಾಗದದಲ್ಲಿ ಬರೀ ಜ್ವರ ಎಂದಿದ್ದರೆ ಅವಳು ಬಾಣಂತಿಯೆಂದು ಯಾರಿಗೆ ಗೊತ್ತಾಗಬೇಕು? ಲೆಕ್ಕಕ್ಕೆ ಸಿಗದವಳು ಯಾಕೆ ಸತ್ತಳೆಂದು ಯಾರೂ ವಿಚಾರಿಸುವುದಿಲ್ಲ. ಮುಂದಿನವಳೂ ಹಾಗೇ ಹೋಗುತ್ತಾಳೆ.

ಇದು ನನಗೆ ಪುಸ್ತಕದ ಮಾತಲ್ಲ. ನನ್ನಕ್ಕ ಗಂಗಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ರಕ್ತ ನಿಲ್ಲದೆ ಹೋದಳು. ನಮ್ಮೂರಿಗೂ ಹೀಗೆ ಕೇಳುವವರು ಬಂದಾಗ ಗಂಡನ ಮನೆಯವರು "ನಮ್ಮಲ್ಲಿ ಸತ್ತಿಲ್ಲ" ಎಂದರಂತೆ. ಅವ್ವನೂ "ನಮ್ಮ ಮನ್ಯಾಗ ಯಾರೂ ಸತ್ತಿಲ್ರೀ" ಅಂದಳಂತೆ. ನಾನು ಫೋನಿನಲ್ಲೇ ರೇಗಿದೆ. "ಕೊಟ್ಟ ಹೆಣ್ಣವಾ, ಅಕಿ ಆ ಮನಿಯಾಕಿ" ಎಂದು ಇಟ್ಟುಬಿಟ್ಟಳು. ಕೊಟ್ಟಾರದ ಕೋಣೆಯಲ್ಲಿ ಒಬ್ಬಳೇ ಉಣ್ಣುವಾಗ ಅಕ್ಕ ಎದುರಿಗೆ ಬಂದು ಕೂತಂತಾಗುತ್ತದೆ. ಹೆದರಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ.

ಜಲಜಕ್ಕನ ಮನೆಯಲ್ಲಿ ಎಲ್ಲ ಉಲ್ಟಾ. ಮಗಳು ಎಲ್ಲಿಗೇ ಮದುವೆಯಾಗಿ ಹೋಗಲಿ, ತಾಯಿಯ ಕುಟುಂಬದವಳೇ. ಸುಮತಿ ಸತ್ತದ್ದು ಬಜಪೆಯಲ್ಲಿ, ಗಂಡನ ಮನೆಯಲ್ಲಿ. ಎಲೆ ಹಾಕುವುದು ಇಲ್ಲಿ.

"ಬಾಣಂತನದಲ್ಲಿ ತೀರಿಕೊಂಡಳು ಅಂತ ಬರೆಯಲಾ?" ಎಂದೆ.

"ಹಾಗೆ ಬರೆದ್ರೆ ಅವಳು ಇಲ್ಲ ಅಂತ ಆಗ್ತದಲ್ವಾ ಮಾರಾಯ್ತಿ?" ಜಲಜಕ್ಕನ ಕಣ್ಣು ಕೆಂಪಾಯಿತು.

"ಬರೆಯದಿದ್ದರೆ ಅವಳು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ ಜಲಜಕ್ಕ."

ಅವರು ಎಲೆಯತ್ತ ತಿರುಗಿದರು. "ಬರಿ. ಹೆತ್ತ ವಾರದೊಳಗೆ ಫಿಟ್ಸ್ ಬಂತು. ಮಗುವನ್ನು ಸರಿ ನೋಡ್ಲಿಕ್ಕೂ ಆಗ್ಲಿಲ್ಲ ಅವಳಿಗೆ." ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನಿಂಗೆ ಅಕ್ಕ ತಂಗಿ ಉಂಟಾ?" ಎಂದು ಕೇಳಿದರು.

"ಒಬ್ಬಳು ಅಕ್ಕ ಇದ್ದಾಳೆ" ಎಂದೆ.

ಇದ್ದಾರೋ ಸತ್ತಿದ್ದಾರೋ ಎಂದು ದಿನಾ ಊರವರನ್ನೆಲ್ಲ ಕೇಳುವವಳು ನಾನು! ಅವ್ವನ ಮೇಲೆ ರೇಗಿದ್ದು ನೆನಪಾಗಿ ನನಗೇ ನಾಚಿಕೆಯಾಯಿತು.

"ಎಲ್ಲಿದ್ದಾಳೆ?"

ನನ್ನ ಕಣ್ಣು ಸುಮತಿಯ ಎಲೆಯತ್ತ ಹೋಯಿತು. ಜಲಜಕ್ಕ ನನ್ನ ಮುಖ ನೋಡಿದರು. ಎದ್ದು ಹೋಗಿ ಇನ್ನೊಂದು ಎಲೆ ತಂದು ಸುಮತಿಯ ಎಲೆಯ ಪಕ್ಕ ಹಾಸಿ, ಅನ್ನ ಬಡಿಸಿ, "ಕರಿ ಮಗಾ" ಎಂದರು.

ಕರೆದರೆ ಸತ್ತಳೆಂದು ಒಪ್ಪಿದ ಹಾಗೆ. ಕರೆಯದಿದ್ದರೆ ಹಸಿದಿರುತ್ತಾಳೆ. ಇಲ್ಲಿ ಕಲಿತ ಮಾತೆಲ್ಲ ಮರೆತುಹೋಯಿತು. "ಯಕ್ಕಾ, ಬಾರವಾ, ಉಣ್ಣು ಬಾ" ಎಂದೆ.

ಅಕ್ಕನಿಗೆ ಎಲೆ ಬಿದ್ದದ್ದು ವಾಮಂಜೂರಿನಲ್ಲಿ. ನಮ್ಮೂರಿನ ಲೆಕ್ಕದಲ್ಲಿ ಅವಳಿನ್ನೂ ಸತ್ತಿಲ್ಲ.