ಕಚ್ಚಿದ ನಾಯಿಗೆ ಹದಿನಾಲ್ಕು ದಿನ

ನನ್ನ ದೊಡ್ಡತ್ತಿಗೆ ರೆನಿಂಗ್‌ಳ ಬಾಯಿಗೆ ನಮ್ಮ ಬೀದಿಯೇ ಹೆದರುತ್ತದೆ. ಮೂವತ್ತು ವರ್ಷ ಉಬುದ್ ಮಾರುಕಟ್ಟೆಯಲ್ಲಿ ಹೂವು ಮಾರಿದವಳು. ಚಿಕ್ಕತ್ತಿಗೆ ದಾರ್ಮಿ ಬಾಯಿ ಬಿಡುವುದೇ ಅಪರೂಪ. ಒಂದೇ ಅಂಗಳದ ಸುತ್ತ ಅಣ್ಣಂದಿರಿಬ್ಬರ ಮನೆ, ನಡುವೆ ಮದುವೆಯಾಗದೆ ಉಳಿದ ನಾನು. ಓರಗಿತ್ತಿಯರ ಜಗಳಕ್ಕೆ ಸಾಕ್ಷಿ ಹೇಳುವುದೇ ನನ್ನ ಉದ್ಯೋಗವೆಂದು ಅಣ್ಣ ಗೇಲಿ ಮಾಡುತ್ತಾನೆ. ಮಾಡಲಿ.

ಜಗಳಕ್ಕೆ ಹೊಸ ಕಾರಣ ದಾರ್ಮಿ ಸಾಕಿದ ಕರಿ ನಾಯಿ ಸೆಲೆಮ್. ಗಲುಂಗನ್ ಹಬ್ಬಕ್ಕೆ ಹತ್ತು ದಿನವಿತ್ತು. ರೆನಿಂಗ್ ಅಂಗಳದಲ್ಲಿ ನೈವೇದ್ಯವಿಟ್ಟು ಇನ್ನೂ ಕೈಮುಗಿಯುತ್ತಿದ್ದಳು, ಅಷ್ಟರಲ್ಲಿ ಸೆಲೆಮ್ ಅನ್ನಕ್ಕೆ ಬಾಯಿ ಹಾಕಿತು. ಪೊರಕೆಯಿಂದ ಬಾರಿಸಿದಳು. ಅದು ತಿರುಗಿ ಅವಳ ಮೀನಖಂಡಕ್ಕೆ ಕಚ್ಚಿತು.

ಅವಳ ಮುಖ ಬಿಳುಚಿಕೊಂಡಿತು. ರೆನಿಂಗ್‌ಳ ತಮ್ಮ ಸತ್ತದ್ದೇ ಹುಚ್ಚುನಾಯಿ ಕಚ್ಚಿ. ಸೋಪು ಹಾಕಿ ಗಾಯ ತೊಳೆದೆವು, ಆಸ್ಪತ್ರೆಯಲ್ಲಿ ಚುಚ್ಚುಮದ್ದೂ ಆಯಿತು. ಭಯ ಮಾತ್ರ ಹೋಗಲಿಲ್ಲ. ಸೆಲೆಮ್‌ನ ಕತ್ತಿನ ಕೆಂಪು ಪಟ್ಟಿ ಹೋದ ವರ್ಷದ ಲಸಿಕೆಯದು. ಈ ವರ್ಷ ಲಸಿಕೆಯವರು ಬಂದ ದಿನ ದಾರ್ಮಿ ಪೂಜೆಗೆ ಹೋಗಿದ್ದಳು. ಇನ್ನೊಂದು ದಿನ ಹಾಕಿಸಿದರಾಯಿತು ಎಂದು ಸುಮ್ಮನಾದಳು.

ಪಶುವೈದ್ಯೆ ಬಂದು ನೋಡಿದರು. "ಹದಿನಾಲ್ಕು ದಿನ ಕೂಡಿಹಾಕಿ. ಅಷ್ಟೂ ದಿನ ಗಟ್ಟಿಮುಟ್ಟಾಗಿದ್ರೆ ಇವರು ಹೆದರಬೇಕಾಗಿಲ್ಲ. ಊಟ ಬಿಟ್ರೆ, ಜೊಲ್ಲು ಸುರಿಸಿದ್ರೆ ತಕ್ಷಣ ಫೋನ್ ಮಾಡಿ."

ಸೆಲೆಮ್ ಹಿತ್ತಲಿನ ಖಾಲಿ ಹಂದಿಗೂಡು ಸೇರಿತು. ದಾರ್ಮಿ ಎರಡು ಹೊತ್ತು ಅಳತೆಯಾಗಿ ಅನ್ನ, ಬೇಯಿಸಿದ ಮೀನು ಹಾಕುತ್ತಿದ್ದಳು. ದಿನಾ ಬೆಳಿಗ್ಗೆ ರೆನಿಂಗ್ ಜಗುಲಿಯಿಂದಲೇ ಕೂಗುತ್ತಿದ್ದಳು.

"ಇನ್ನೂ ಸತ್ತಿಲ್ವೇನೇ ನಿನ್ನ ಮಗ?"

"ಇಲ್ಲಕ್ಕ. ತಿಂದು ಮಲಗಿದಾನೆ."

ಎಂಥಾ ಕಟುಕ ಬಾಯಿ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಹತ್ತನೇ ದಿನ ಗಲುಂಗನ್. ಹಿಂದಿನ ದಿನವೆಲ್ಲ ಹಂದಿ ಕಡಿದು, ಮಾಂಸ ಕೊಚ್ಚಿ ನಮಗೆಲ್ಲ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ದಾರ್ಮಿ ಗೂಡಿನ ಮುಂದೆ ಅನ್ನದ ತಟ್ಟೆ ಹಿಡಿದು ನಿಂತೇ ಇದ್ದಳು. ನಾಯಿ ಮೂಲೆ ಸೇರಿ ಮುದುಡಿತ್ತು. ಬಾಯಿಂದ ಎಳೆ ಎಳೆಯಾಗಿ ಜೊಲ್ಲು. ನೀರಿಟ್ಟರೆ ಮುಖ ತಿರುಗಿಸಿತು.

ಪಶುವೈದ್ಯೆಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರು. ಅವರಿಗಿಂತ ಮೊದಲು ಸುದ್ದಿ ಬೀದಿ ಮುಟ್ಟಿತು. ಕೇರಿಯ ಯಜಮಾನ ಸುವೆಚ ಇಬ್ಬರನ್ನು ಕರೆದುಕೊಂಡು ಬಂದ. ಇಬ್ಬರ ಕೈಯಲ್ಲೂ ದೊಣ್ಣೆ.

"ದಾರ್ಮಿ, ಪಕ್ಕಕ್ಕೆ ಸರಿಯಮ್ಮ. ಬೀದಿ ತುಂಬ ಮಕ್ಕಳಿದಾವೆ."

"ಡಾಕ್ಟರಮ್ಮ ಬರ್ತಿದಾರೆ ಅಣ್ಣ. ಅರ್ಧ ಗಂಟೆ."

"ಅಷ್ಟರಲ್ಲಿ ಗೂಡು ಮುರ್ಕೊಂಡು ಬಂದ್ರೆ ನೀನು ಹಿಡೀತೀಯಾ?"

ದಾರ್ಮಿ ಬಾಗಿಲಿಗೆ ಬೆನ್ನುಕೊಟ್ಟು ನಿಂತಳು. ಒಬ್ಬ ಅವಳ ತೋಳು ಹಿಡಿದು ಎಳೆದ. ನಾಚಿಕೆಯಾಗುತ್ತದೆ ಹೇಳಲು, ಬೇಗ ಮುಗಿಸಿಬಿಡಲಿ ಎಂದು ನಾನೂ ನೆಲ ನೋಡುತ್ತಿದ್ದೆ.

"ಕೋಲು ಕೆಳಗಿಡ್ರೋ!"

ಹಬ್ಬದ ಬಿಳಿ ರವಿಕೆಯಲ್ಲಿ ಕುಂಟುತ್ತಾ ಬಂದವಳು ರೆನಿಂಗ್. "ಅವನಿಗೇನೂ ಆಗಿಲ್ಲ. ನಿನ್ನೆ ನಾನೇ ಹಂದಿ ಕೊಬ್ಬು ಹಾಕಿದೀನಿ. ಬಟ್ಟಲು ತುಂಬ."

"ಏನಕ್ಕಾ?" ದಾರ್ಮಿಗೆ ನಂಬಿಕೆಯೇ ಬರಲಿಲ್ಲ.

"ದಿನಾ ಹಾಕ್ತಿದ್ದೆ ಕಣೇ, ನೀನು ಸ್ನಾನಕ್ಕೆ ಹೋದಾಗ. ಮೊಟ್ಟೆ, ಕೋಳಿ ಈಲಿ. ನೀನು ಹಾಕೋ ಆ ಹಿಡಿ ಅನ್ನದಲ್ಲಿ ಇವನು ಸೊರಗಿ ಸತ್ರೆ ನನ್ನ ಗತಿಯೇನೇ?"

ಸುವೆಚ ಬಿಡಲಿಲ್ಲ. "ಹೊಟ್ಟೆ ಕೆಟ್ಟಿದ್ಯೋ ಹುಚ್ಚು ಹಿಡಿದಿದ್ಯೋ, ನಿಂಗೆ ಹೇಗೆ ಗೊತ್ತಕ್ಕ?"

"ಗೊತ್ತಿಲ್ಲ! ಗೊತ್ತಾಗ್ಬೇಕು ಅಂತಾನೇ ಇವನು ಬದುಕಿರ್ಬೇಕು. ನನ್ನ ತಮ್ಮನ್ನ ಕಚ್ಚಿದ ನಾಯೀನ ಅವತ್ತೇ ಹೊಡೆದು ಹೂತ್ರು. ಪೀಡೆ ಕಳೀತು ಅಂದ್ಕೊಂಡ್ವಿ. ಅವನು ಒಂದು ಸೂಜೀನೂ ಚುಚ್ಚಿಸ್ಕೊಳ್ಳಲಿಲ್ಲ." ಅವಳು ದೊಣ್ಣೆಯವರತ್ತ ತಿರುಗಿದಳು. "ಕಚ್ಚಿಸ್ಕೊಂಡವಳು ನಾನು. ಕಾಯ್ತೀನಿ ಅಂತಿದೀನಿ. ನಿಮಗೇನ್ರೋ ಅವಸರ?"

ಗೂಡಿನ ಬಾಗಿಲಿಗೆ ಒರಗಿ ದಾರ್ಮಿಯ ಪಕ್ಕದಲ್ಲೇ ಕುಳಿತುಬಿಟ್ಟಳು. ಆ ಇಬ್ಬರನ್ನೂ ದಾಟಿ ಕೋಲು ಬೀಸುವ ಧೈರ್ಯ ಯಾರಿಗೂ ಬರಲಿಲ್ಲ.

ಪಶುವೈದ್ಯೆ ಹಬ್ಬದ ಉಡುಪಿನಲ್ಲೇ ಬಂದರು. ಗೂಡಿನ ಮೂಲೆಯಲ್ಲಿ ನಾಯಿ ಕಕ್ಕಿದ್ದನ್ನು ಕಡ್ಡಿಯಿಂದ ಕೆದಕಿದರು. ಹಂದಿ ಚರ್ಮದ ಚೂರುಗಳಿದ್ದವು.

"ಹೊಟ್ಟೆ ಕೆಟ್ಟಿರೋ ಹಾಗಿದೆ. ಆದ್ರೆ ಇನ್ನೂ ನಾಲ್ಕು ದಿನ ಇದೆ, ಮಾತು ಕೊಡಕ್ಕಾಗಲ್ಲ. ಬಾಗಿಲಿಗೆ ಬೀಗ ಹಾಕಿ. ಇವತ್ತು ಉಪವಾಸ, ನಾಳೆ ತೆಳ್ಳನೆ ಗಂಜಿ. ಹಬ್ಬದೂಟ ನೀವೇ ಮಾಡ್ರಮ್ಮ, ಇವನಿಗೆ ಬೇಡ."

ಸುವೆಚ ಒಬ್ಬನನ್ನು ಕಾವಲಿಗೆ ಬಿಟ್ಟು ಹೋದ. ಆ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ರೆನಿಂಗ್ ಮಾತೇ ಬಿಟ್ಟಳು. ಅವಳ ಬೈಗುಳ ಕೇಳಿದರೆ ಸಾಕಪ್ಪಾ ಎನ್ನುವಷ್ಟು ನನಗೆ ಭಯವಾಯಿತು. ಮರುದಿನ ಗಂಜಿಯನ್ನೂ ನಾಯಿ ಮೂಸಿ ಬಿಟ್ಟಿತು. ಹನ್ನೆರಡನೇ ದಿನ ಮಧ್ಯಾಹ್ನ ಹಿತ್ತಲಿಂದ ರೆನಿಂಗ್‌ಳ ಕೂಗು ಬಂತು.

"ನೀರು ಕುಡೀತಿದಾನೆ ಕಣ್ರೇ!"

ಓಡಿದೆವು. ಸೆಲೆಮ್ ಲೊಚಲೊಚ ಸದ್ದು ಮಾಡಿ ಕುಡಿಯುತ್ತಿತ್ತು. ಆಮೇಲೆ ಗಂಜಿಯ ತಟ್ಟೆಯನ್ನೂ ನೆಕ್ಕಿತು. ರೆನಿಂಗ್ ಇನ್ನೊಂದು ಸೌಟು ಹಾಕಹೋದಾಗ ದಾರ್ಮಿ ಅವಳ ಕೈ ಹಿಡಿದಳು. "ಬೇಡಕ್ಕ." ದೊಡ್ಡತ್ತಿಗೆ ಮರುಮಾತಾಡದೆ ಸೌಟು ಕೆಳಗಿಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಹದಿನಾಲ್ಕನೇ ದಿನ ಪಶುವೈದ್ಯೆ ಬೀಗ ತೆಗೆಸಿದರು. "ನೀವೂ ಪಾರು, ಇವನೂ ಪಾರು. ತಪ್ಪಿಹೋಗಿದ್ದ ಲಸಿಕೆ ಈಗಲೇ ಹಾಕ್ಬಿಡ್ತೀನಿ, ಯಾರಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ."

ಸೂಜಿ ಕಂಡು ಸೆಲೆಮ್ ಗುರ್ರೆಂದಿತು. ಹಿಡಿಯಹೋದ ದಾರ್ಮಿ ಕೈ ಹಿಂದೆಗೆದುಕೊಂಡಳು.

"ಆಚೆ ಸರಿಯೇ, ನಾನ್ ಹಿಡ್ಕೋತೀನಿ," ರೆನಿಂಗ್ ಕುಕ್ಕರುಗಾಲಲ್ಲಿ ಕುಳಿತು ಅದರ ತಲೆಯನ್ನು ಎದೆಗೆ ಅವುಚಿಕೊಂಡಳು. "ಇವನ ಹಲ್ಲು ನಂಗೇನು ಹೊಸದಾ?"

ಸೂಜಿ ಹೊರಬಂದ ಮೇಲೂ ಅವಳು ಬಿಡಲಿಲ್ಲ. "ಅಕ್ಕಾ, ಆಯ್ತು," ಎಂದು ದಾರ್ಮಿ ಎರಡು ಸಲ ಹೇಳಬೇಕಾಯಿತು.