ನೋಡಿದರೆ ಮಾಸುವ ಬೆಳಕಿಗೆ ಕತ್ತಲಕ್ಕನ ಕಾವಲು

ಊರಿಗೆಲ್ಲ ಬೆಳಕು ಹರಿಯುವ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಒಬ್ಬಾಕೆ ಒಂದೊಂದಾಗಿ ದೀಪ ಆರಿಸುತ್ತಿದ್ದಾರೆ. ಮೊದಲು ಹಜಾರದ್ದು, ಆಮೇಲೆ ಕೋಣೆಯದ್ದು. ಕಂಪ್ಯೂಟರಿನ ಮೂಲೆಯಲ್ಲಿ ಮಿಣುಕುವ ಹಸಿರು ಚುಕ್ಕಿಗೂ ಕಪ್ಪು ಟೇಪು ಅಂಟಿಸುತ್ತಾರೆ. ಮಿದುಳಿನ ಸಂಶೋಧನೆ ನಡೆಸುವ ಎಲ್ಲ ವಿಭಾಗಗಳೂ ಹಂಚಿಕೊಂಡು ಬಳಸುವ ದೊಡ್ಡ ಸೂಕ್ಷ್ಮದರ್ಶಕಗಳು ಇಲ್ಲಿವೆ. ಅವುಗಳ ಯೋಗಕ್ಷೇಮವೆಲ್ಲ ಈಕೆಯದು. ಎಲ್ಲರ ಬಾಯಲ್ಲೂ ಈಕೆ ಕತ್ತಲಕ್ಕ. ದೀಪ ಆರಿಸುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಅತ್ತೆ ಇವತ್ತಿಗೂ ಕೇಳುತ್ತಾರಂತೆ.

ಇಷ್ಟು ಬೇಗ ಬರಲು ಕಾರಣ ಲಿಫ್ಟು. ಅದು ಓಡಾಡತೊಡಗಿದರೆ ಕಟ್ಟಡ ಸಣ್ಣಗೆ ನಡುಗುತ್ತದೆ. ನಮಗೆ ತಿಳಿಯದ ಆ ನಡುಕ ಸೂಕ್ಷ್ಮದರ್ಶಕಕ್ಕೆ ತಿಳಿಯುತ್ತದೆ. ಹಾಗಾಗಿ ಯಂತ್ರಗಳನ್ನು ಗಾಳಿಯ ಮೇಲೆ ತೇಲುವ ಮೇಜುಗಳಲ್ಲಿ ಕೂರಿಸಿದ್ದಾರೆ. ಬಂದವರೆಲ್ಲ ಅಭ್ಯಾಸಬಲದಿಂದ ಆ ಮೇಜಿಗೆ ಮೊಣಕೈ ಊರುತ್ತಾರೆ. ಇವರ ಸಂದರ್ಶನಕ್ಕೆ ಬಂದ ನಾನೂ ಊರಿದೆ. ಕತ್ತಲಕ್ಕ ನನ್ನ ಕೈಯೆತ್ತಿ ನನ್ನ ಮಡಿಲಲ್ಲೇ ಇಟ್ಟರು.

ಇಂದು ಬಂದಿರುವವಳು ಪಿಎಚ್‌.ಡಿ. ಮಾಡುತ್ತಿರುವ ಹುಡುಗಿ. ಅವಳ ಕೈಯ ಗಾಜಿನ ಪಟ್ಟಿಯ ಮೇಲೆ ಇಲಿಯ ಮಿದುಳಿನ ಒಂದು ತೆಳು ಹೋಳಿದೆ. ಅದರೊಳಗೆ ಬಣ್ಣ ಹಿಡಿಸಿದ ಒಂದೇ ಒಂದು ನರಕೋಶ. ಅದರ ಎಳೆ ಹೋಳಿನ ಆಚೆ ಅಂಚನ್ನು ಮುಟ್ಟುತ್ತದೆಯೋ ಇಲ್ಲವೋ ಎಂಬುದರ ಮೇಲೆ ಅವಳ ಅಷ್ಟೂ ವರ್ಷಗಳ ದುಡಿಮೆ ನಿಂತಿದೆ. ಉಳಿದ ಹೋಳುಗಳೆಲ್ಲ ಕೆಟ್ಟಿವೆ, ಆ ತಳಿಯ ಇಲಿಗಳೂ ಈಗಿಲ್ಲ. ಇದು ಕೆಟ್ಟರೆ ಮತ್ತೆ ಮೊದಲಿನಿಂದ ಶುರು.

ತೊಡಕಿರುವುದು ಬಣ್ಣದಲ್ಲೇ. ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ, ಬಿದ್ದಷ್ಟೂ ಮಾಸುತ್ತದೆ. ಮಾಸಿದ್ದು ಮರಳಿ ಬಾರದು. "ಇಲ್ಲಿ ನೋಡೋದೇ ಖರ್ಚು," ಎನ್ನುತ್ತಾರೆ ಕತ್ತಲಕ್ಕ. "ಚೆನ್ನಾಗಿದೆ ಅಂತ ನೋಡ್ತಾ ಕೂತ್ರೆ, ಫೋಟೊ ತೆಗೆಯೋ ಹೊತ್ತಿಗೆ ಏನೂ ಉಳಿದಿರಲ್ಲ."

ಹುಡುಗಿಗೂ ಇದು ಗೊತ್ತು. ಆದರೆ ಕತ್ತಲಕ್ಕ ಪಕ್ಕದ ಕೋಣೆಯ ಯಂತ್ರ ಚಾಲೂ ಮಾಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿದೆ. ಅವಳು ಮೈಮರೆತು, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ, ತನ್ನಷ್ಟಕ್ಕೆ ನಗುತ್ತಿದ್ದಾಳೆ. ಕತ್ತಲಕ್ಕ ತಟ್ಟನೆ ಬೆಳಕು ಮುಚ್ಚುತ್ತಾರೆ. ಅರ್ಧದಷ್ಟು ಹೊಳಪು ಹೋಗಿದೆ. "ಅಷ್ಟು ಚೆನ್ನಾಗಿತ್ತಕ್ಕ," ಎನ್ನುವಾಗ ಹುಡುಗಿಯ ದನಿ ಒಡೆಯುತ್ತದೆ.

ಬೈಗುಳಕ್ಕೆ ಕಾದಿದ್ದೆ. ಅದು ಬರಲಿಲ್ಲ. ಕತ್ತಲಕ್ಕ ಬೆಳಕನ್ನು ಇದ್ದೂ ಇಲ್ಲದಷ್ಟು ಇಳಿಸಿ, ಚಿತ್ರವನ್ನು ನಿಧಾನವಾಗಿ, ಗೆರೆ ಗೆರೆಯಾಗಿ ಸೆಳೆಯಲು ಯಂತ್ರಕ್ಕೆ ಹೇಳುತ್ತಾರೆ. ಮುಗಿಯುವವರೆಗೆ ಯಾರೂ ಅಲುಗುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ನಾನೂ ಒಳಗೇ ಸಿಕ್ಕಿಬಿದ್ದಿದ್ದೇನೆ.

ಕತ್ತಲು ಮೆಲ್ಲಗೆ ಮೆತ್ತಗಾಗುತ್ತದೆ. ನನ್ನ ಕೈಕಾಲು ಎಲ್ಲಿವೆಯೆಂಬುದೂ ಮರೆತುಹೋಗುತ್ತದೆ. ಮಬ್ಬು ಪರದೆಯ ಮೇಲೆ ಸ್ವೆಟರ್ ಹೆಣೆದಂತೆ ಸಾಲು ಸಾಲಾಗಿ ಒಂದು ಮರದಂಥದ್ದು ಮೂಡುತ್ತಿದೆ. ಪಿಸುದನಿಯಲ್ಲಿ ಕತ್ತಲಕ್ಕ ತಮ್ಮ ಕಥೆ ಹೇಳುತ್ತಾರೆ. ಅಪ್ಪನಿಗೆ ಫೋಟೊ ಸ್ಟುಡಿಯೊ ಇತ್ತು. ಡಾರ್ಕ್‌ರೂಮಿನಲ್ಲಿ ಅಪ್ಪನ ಪಕ್ಕ ನಿಂತು, ನೀರಿನೊಳಗೆ ಮುಖಗಳು ಮೂಡುವುದನ್ನು ನೋಡುತ್ತ ಬೆಳೆದವರು. ಎಲ್ಲರ ಕೈಗೂ ಫೋನು ಬಂದ ಮೇಲೆ ಅಂಗಡಿ ಮುಚ್ಚಿತು, ಈಕೆ ಇಲ್ಲಿಗೆ ಬಂದರು. ಕೆಲಸ ಇಂದಿಗೂ ಕಾಯಂ ಆಗಿಲ್ಲ. ಇಲ್ಲಿಂದ ಹೊರಟ ಪ್ರಬಂಧಗಳಲ್ಲಿ ಸೂಕ್ಷ್ಮದರ್ಶಕದ ಹೆಸರು, ಮಾದರಿ ಎಲ್ಲ ಅಚ್ಚಾಗುತ್ತವೆ, ಕತ್ತಲಕ್ಕನ ಹೆಸರಿಲ್ಲ. "ಯಂತ್ರಕ್ಕೆ ಕೆಮ್ಮು ನೆಗಡಿ ಬರಲ್ಲ ನೋಡಿ, ಅದಕ್ಕೇ ಮರ್ಯಾದೆ ಜಾಸ್ತಿ," ಎಂದು ನಗುತ್ತಾರೆ.

ಮೇಲೆ ಕಾಲ ಸಪ್ಪಳ ಶುರುವಾಗಿದೆ. ಲಿಫ್ಟು ಮಾತ್ರ ಸದ್ದು ಮಾಡುತ್ತಿಲ್ಲ. ಲಿಫ್ಟು ನಡೆಸುವ ಹಿರಿಯರು ಈಕೆಗೆ ಅಣ್ಣನಿದ್ದಂತೆ. ನೆಲಮಾಳಿಗೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುವಷ್ಟು ಹೊತ್ತು ಬಂದವರಿಗೆಲ್ಲ ಮೆಟ್ಟಿಲು ತೋರಿಸುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತ ಪ್ರೊಫೆಸರುಗಳು ಏದುಸಿರು ಬಿಟ್ಟುಕೊಂಡು ಹತ್ತುತ್ತಾರೆ.

ಪರದೆಯಲ್ಲಿ ಎಳೆ ಸಣ್ಣದಾಗುತ್ತ, ಕಂಡೂ ಕಾಣದಂತಾಗುತ್ತ ಹೊರಟಿದೆ. ಹುಡುಗಿ ಉಸಿರು ಬಿಗಿಹಿಡಿದಿದ್ದಾಳೆ. ಕೊನೆಯ ಸಾಲುಗಳಲ್ಲಿ ಅದು ಅಂಚನ್ನು ಮುಟ್ಟುತ್ತದೆ. ಅವಳು ಕತ್ತಲಕ್ಕನ ಭುಜಕ್ಕೆ ಹಣೆ ಹಚ್ಚಿ ಅತ್ತುಬಿಡುತ್ತಾಳೆ. ಕತ್ತಲಕ್ಕ ಒಂದು ಕೈಯಲ್ಲಿ ಅವಳ ಬೆನ್ನು ಸವರುತ್ತ, ಇನ್ನೊಂದು ಕೈಯಲ್ಲಿ ಚಿತ್ರವನ್ನು ಎರಡು ಕಡೆ ಉಳಿಸಿಡುತ್ತಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಕೆಲಸ ಕಾಯಂ ಆಗಲಿ ಎನ್ನಬಹುದು ಎಂದುಕೊಂಡಿದ್ದೆ. "ಎಲ್ಲರದೂ ಉಳಿಸ್ಬೇಕು ಅಂತ ನಾನು ಯಾವುದನ್ನೂ ಕಣ್ತುಂಬ ನೋಡಿಲ್ಲ," ಎನ್ನುತ್ತಾರೆ. "ಒಂದನ್ನಾದ್ರೂ ಪೂರ್ತಿ ಮಾಸೋವರೆಗೂ ಸುಮ್ಮನೆ ನೋಡ್ತಾ ಕೂರ್ಬೇಕು."

ಹುಡುಗಿ ಕಣ್ಣೊರೆಸಿಕೊಂಡು ತನ್ನ ಕುರ್ಚಿ ಬಿಟ್ಟುಕೊಡುತ್ತಾಳೆ. "ನನಗೆ ಬೇಕಾದ್ದು ಸಿಕ್ತಕ್ಕ. ಇನ್ನು ಇದು ನಿಮ್ಮದು."

ಕತ್ತಲಕ್ಕ ಅನುಮಾನಿಸುತ್ತ ಕೂರುತ್ತಾರೆ, ಬಾಗುತ್ತಾರೆ. ಬೆಳಕನ್ನು ತಾವೇ ಪೂರ್ತಿ ತೆರೆಯುತ್ತಾರೆ. ನಾನು ಹೊರಟೆನೆಂದು ಹೇಳಿದಾಗ ಅವರು ಕಣ್ಣೆತ್ತುವುದಿಲ್ಲ.

"ಬಾಗಿಲು ಮೆಲ್ಲಗೆ ಎಳ್ಕೊಳ್ಳಿ," ಎನ್ನುತ್ತಾರೆ. "ಇನ್ನೂ ಬೆಳಗ್ತಾ ಇದೆ."